ಮೂರು ದಿನದ ದದ್ದು: ರುಬೆಲ್ಲಾ ಮತ್ತು ಗರ್ಭದಲ್ಲಾಗುವ ಹಾನಿ

ಮಕ್ಕಳಿಗೆ ಜ್ವರದೊಂದಿಗೆ ಬರುವ ದದ್ದುಗಳಲ್ಲಿ ತೀರ ಸೌಮ್ಯವಾದವುಗಳ ಸಾಲಿಗೆ ಸೇರುವ ರೋಗ ರುಬೆಲ್ಲಾ. ಸಣ್ಣ ಜ್ವರ, ಮುಖದಲ್ಲಿ ಆರಂಭವಾಗಿ ಮೈಗೆ ಇಳಿದು ಮೂರನೆಯ ದಿನದ ಹೊತ್ತಿಗೆ ಮಾಯವಾಗುವ ತಿಳಿಗೆಂಪು ಕಲೆಗಳು, ಕಿವಿಯ ಹಿಂದೆ ಮತ್ತು ಕತ್ತಿನ ಹಿಂಭಾಗದಲ್ಲಿ ಬೆರಳಿಗೆ ಸಿಗುವ ಸಣ್ಣ ಗಂಟುಗಳು, ಇಷ್ಟರಲ್ಲಿಯೇ ಅದು ಮುಗಿದುಹೋಗುತ್ತದೆ. ಸೋಂಕು ತಗುಲಿದವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಇಷ್ಟೂ ಕಾಣಿಸುವುದಿಲ್ಲ. ಆದರೆ ಅದೇ ವೈರಸ್ ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಯ ರಕ್ತವನ್ನು ಸೇರಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯ ಮತ್ತು ಮಿದುಳು, ಈ ಯಾವುದಕ್ಕಾದರೂ, ಕೆಲವೊಮ್ಮೆ ಎಲ್ಲಕ್ಕೂ, ಸರಿಪಡಿಸಲಾಗದ ಧಕ್ಕೆ ಒದಗುತ್ತದೆ. ಬಾಲ್ಯದ ಸೋಂಕುಗಳನ್ನು ಒಂದು ಅಧ್ಯಾಯದಲ್ಲಿಯೂ ಜನ್ಮಜಾತ ನ್ಯೂನತೆಗಳನ್ನು, ಅಂದರೆ ಮಗು ಹುಟ್ಟುವಾಗಲೇ ಹೊತ್ತು ತರುವ ರಚನೆಯ ಅಥವಾ ಕಾರ್ಯದ ದೋಷಗಳನ್ನು, ಮತ್ತೊಂದು ಅಧ್ಯಾಯದಲ್ಲಿಯೂ ಇಡುವುದು ವೈದ್ಯಗ್ರಂಥಗಳ ವಾಡಿಕೆ. ರುಬೆಲ್ಲಾ ಈ ವಿಂಗಡಣೆಗೆ ಒಗ್ಗುವುದಿಲ್ಲ. ಒಂದು ಮಗುವಿಗೆ ಶಾಲೆ ತಪ್ಪಿಸಲೂ ಸಾಲದಷ್ಟು ಹಗುರವಾದ ಕಾಯಿಲೆಯು ಅದೇ ಮನೆಯ ಅಥವಾ ನೆರೆಮನೆಯ ಗರ್ಭಿಣಿಯ ಮೂಲಕ ಇನ್ನೂ ಹುಟ್ಟದ ಮಗುವನ್ನು ತಲುಪುವುದರಿಂದ, ಎರಡು ಮಕ್ಕಳ ಲಕ್ಷಣಗಳನ್ನು ತಿಂಗಳುಗಳ ಅಂತರದಲ್ಲಿ ಜೋಡಿಸಿ ನೋಡಿದಾಗ ಮಾತ್ರ ಈ ರೋಗದ ಪೂರ್ಣ ಸ್ವರೂಪ ತಿಳಿಯುತ್ತದೆ.

ದದ್ದುಗಳನ್ನು ಓದುವ ಬಗೆ

ಕನ್ನಡ ನಾಡಿನಲ್ಲಿ ಮಕ್ಕಳ ಮೈಮೇಲೆ ಏಳುವ ದದ್ದು, ಗುಳ್ಳೆ, ಬೊಕ್ಕೆಗಳಿಗೆ ಹೆಸರುಗಳು ಹಲವು. ದಡಾರವನ್ನು ಉತ್ತರ ಕರ್ನಾಟಕದಲ್ಲಿ ಗೊಬ್ಬರ ಎನ್ನುತ್ತಾರೆ. ನೀರು ತುಂಬಿದ ಬೊಕ್ಕೆಗಳೇಳುವ ಚಿಕನ್‌ಪಾಕ್ಸ್‌ಗೆ ಸೀತಾಳೆ ಸಿಡುಬು ಎಂಬ ಹೆಸರಿದೆ. ಮನೆಮಂದಿ ಮಾತ್ರ ಎರಡನ್ನೂ ‘ಅಮ್ಮ ಬಂದಿದೆ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಈ ಮಾತಿನ ಹಿಂದಿರುವ ಭಯಭಕ್ತಿ ಅಗೌರವಕ್ಕೆ ಅರ್ಹವಲ್ಲ, ಏಕೆಂದರೆ ಅದರೊಂದಿಗೆ ರೋಗಿಯನ್ನು ಬೇರೆ ಇರಿಸುವ, ವಿಶ್ರಾಂತಿ ಕೊಡುವ, ಮನೆಗೆ ಹೊರಗಿನವರನ್ನು ಸೇರಿಸದಿರುವ ಉಪಯುಕ್ತ ರೂಢಿಗಳೂ ಬಂದಿವೆ. ತೊಂದರೆ ಇರುವುದು ಬೇರೆ ಕಡೆ: ರುಬೆಲ್ಲಾಕ್ಕೆ ಈ ಹೆಸರುಗಳ ನಡುವೆ ತನ್ನದೇ ಆದ ಸ್ಥಾನ ಸಿಗದೆ, ಅದು ಸಣ್ಣ ದಡಾರವೆಂದೋ ಉಷ್ಣದ ಗುಳ್ಳೆಯೆಂದೋ ಕರೆಸಿಕೊಂಡು ಮರೆತುಹೋಗುತ್ತದೆ.

ಯುರೋಪಿನ ವೈದ್ಯರಿಗೂ ಇದನ್ನು ಬಿಡಿಸಿ ನೋಡಲು ಬಹಳ ಕಾಲ ಹಿಡಿಯಿತು. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ವೈದ್ಯರು ಇದನ್ನು ಮೊದಲು ವಿವರಿಸಿದ್ದರಿಂದ ‘ಜರ್ಮನ್ ದಡಾರ’ ಎಂಬ ಹೆಸರು ಅಂಟಿಕೊಂಡಿತು. 1814ರಲ್ಲಿ ಜಾರ್ಜ್ ಮೇಟನ್ ಎಂಬ ಇಂಗ್ಲಿಷ್ ವೈದ್ಯರು ಇದು ದಡಾರಕ್ಕಿಂತ ಬೇರೆಯದೆಂದು ವಾದಿಸಿದರು. 1866ರಲ್ಲಿ, ಭಾರತದಲ್ಲಿದ್ದ ಬ್ರಿಟಿಷ್ ಫಿರಂಗಿದಳದ ಶಸ್ತ್ರವೈದ್ಯ ಹೆನ್ರಿ ವೀಲ್, ಇಲ್ಲಿನದೇ ಒಂದು ಬಾಲಕರ ಶಾಲೆಯಲ್ಲಿ ಹರಡಿದ ರೋಗವನ್ನು ವರ್ಣಿಸುತ್ತ ಅದಕ್ಕೆ ರುಬೆಲ್ಲಾ ಎಂದು ಹೆಸರಿಟ್ಟರು. 1881ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನ ಅದನ್ನು ಸ್ವತಂತ್ರ ರೋಗವೆಂದು ಒಪ್ಪಿಕೊಂಡಿತು. ಮುಂದೆ ಮಕ್ಕಳ ದದ್ದುರೋಗಗಳಿಗೆ ಒಂದರಿಂದ ಆರರವರೆಗೆ ಅಂಕೆ ಕೊಡುವ ರೂಢಿ ಬಂದಾಗ ರುಬೆಲ್ಲಾ ‘ಮೂರನೆಯ ರೋಗ’ವಾಯಿತು.

ಈ ರೋಗಗಳನ್ನು ಬೇರ್ಪಡಿಸುವಾಗ ದದ್ದಿನ ಬಣ್ಣಕ್ಕಿಂತ ಅದರ ಕ್ರಮವೇ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಜ್ವರ ಮೊದಲು ಬಂತೋ ದದ್ದು ಮೊದಲು ಬಂತೋ, ದದ್ದು ಎಲ್ಲಿ ಹುಟ್ಟಿ ಯಾವ ಕಡೆಗೆ ಹರಡಿತು, ಕೈಯಾಡಿಸಿದರೆ ಮಟ್ಟಸವಾಗಿದೆಯೋ ಉಬ್ಬಿದೆಯೋ, ಒಳಗೆ ನೀರಿದೆಯೋ, ಹೋಗುವಾಗ ಏನನ್ನು ಉಳಿಸಿತು ಎಂಬುದನ್ನೆಲ್ಲ ಗಮನಿಸಬೇಕು. ದಡಾರದಲ್ಲಿ ಮೂರು ನಾಲ್ಕು ದಿನ ತೀವ್ರ ಜ್ವರ, ಕೆಮ್ಮು, ಸೋರುವ ಮೂಗು, ಬೆಳಕಿಗೆ ಮುಚ್ಚಿಕೊಳ್ಳುವ ಕೆಂಗಣ್ಣು ಇವೆಲ್ಲ ಮುಂದಾಗಿ ಬಂದು, ಆಮೇಲೆ ಕಿವಿಯ ಹಿಂದಿನಿಂದ, ಕೂದಲಂಚಿನಿಂದ ದದ್ದು ಇಳಿಯುತ್ತದೆ. ಮಗು ನೋಡಿದೊಡನೆ ಕಾಯಿಲೆಯದೆಂದು ತಿಳಿಯುವಷ್ಟು ಸೊರಗಿರುತ್ತದೆ. ದದ್ದು ಏಳುವ ಮೊದಲೇ ಕೆನ್ನೆಯ ಒಳಭಾಗದಲ್ಲಿ, ದವಡೆಹಲ್ಲಿನ ಎದುರಿಗೆ, ಕೆಂಪು ನೆಲದ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡರೆ ಅದು ದಡಾರವೇ ಎಂಬುದನ್ನು 1896ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ತೋರಿಸಿಕೊಟ್ಟರು; ಆ ಚುಕ್ಕೆಗಳಿಗೆ ಇಂದಿಗೂ ಅವರದೇ ಹೆಸರಿದೆ. ದಡಾರವನ್ನು ಹಗುರವಾಗಿ ಎಣಿಸುವುದು ಅಪಾಯ, ಏಕೆಂದರೆ ಅದು ನ್ಯುಮೋನಿಯಾ, ಭೇದಿ, ಮಿದುಳಿನ ಉರಿಯೂತಗಳನ್ನು ಹಿಂದೆ ಕರೆತರುತ್ತದೆ; ದಡಾರವಾದ ಮಗುವಿಗೆ ಎರಡು ದಿನ ಎ ಜೀವಸತ್ವವನ್ನು ಕೊಡುವುದರಿಂದ ಸಾವು ಮತ್ತು ಕುರುಡಿನ ಸಂಭವ ಇಳಿಯುವುದರಿಂದ ಆ ಮಗು ಆರೋಗ್ಯ ಕೇಂದ್ರವನ್ನು ಕಾಣಲೇಬೇಕು.

ಉಳಿದವುಗಳಿಗೂ ಹೀಗೆಯೇ ತಮ್ಮ ತಮ್ಮ ಕ್ರಮವಿದೆ. ಸೀತಾಳೆ ಸಿಡುಬಿನಲ್ಲಿ ಬೊಕ್ಕೆಗಳು ಕಂತು ಕಂತಾಗಿ ಏಳುವುದರಿಂದ ಒಂದೇ ಜಾಗದಲ್ಲಿ ಹೊಸ ಗುಳ್ಳೆ, ನೀರು ತುಂಬಿದ ಬೊಕ್ಕೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಸಿಗುತ್ತವೆ. ಬಾಯಿಯ ಹುಣ್ಣಿನ ಜೊತೆಗೆ ಅಂಗೈ ಅಂಗಾಲುಗಳಲ್ಲಿ ಬೊಕ್ಕೆ ಕಂಡರೆ ಅದು ಕೈ-ಕಾಲು-ಬಾಯಿ ರೋಗ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಮೂರು ನಾಲ್ಕು ದಿನ ಕಾದ ಜ್ವರ ಇಳಿದ ದಿನವೇ ಮೈತುಂಬ ದದ್ದು ಏಳುವುದು ರೋಸಿಯೋಲಾ ಎಂಬ ಇನ್ನೊಂದು ವೈರಸ್ ಕಾಯಿಲೆಯ ಸ್ವಭಾವ. ಆ ನಡುವೆ ಯಾರಾದರೂ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ದದ್ದನ್ನು ಔಷಧದ ಅಲರ್ಜಿಯೆಂದು ಬಗೆದು, ಮುಂದೆ ನಿಜವಾಗಿ ಬೇಕಾದಾಗಲೂ ಆ ಔಷಧವನ್ನು ಮಗುವಿಗೆ ತಪ್ಪಿಸುವ ಪ್ರಸಂಗಗಳು ಅಪರೂಪವಲ್ಲ. ಗಂಟಲುನೋವು, ಕೆಂಪು ನಾಲಗೆ ಮತ್ತು ಮುಟ್ಟಿದರೆ ಒರಟಾಗಿರುವ ದದ್ದು ಕೂಡಿ ಬಂದರೆ ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸ್ಕಾರ್ಲೆಟ್ ಜ್ವರ, ಅದಕ್ಕೆ ಆ್ಯಂಟಿಬಯಾಟಿಕ್ ಬೇಕೇ ಬೇಕು. ಇವೆಲ್ಲಕ್ಕಿಂತ ತುರ್ತಿನದು, ಗಾಜಿನ ಲೋಟವನ್ನು ಒತ್ತಿ ನೋಡಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು: ಅವು ಚರ್ಮದಡಿಯ ರಕ್ತಸ್ರಾವ, ಮೆದುಳುಪೊರೆಯ ಸೋಂಕಿನಲ್ಲಿಯೂ ತೀವ್ರ ಡೆಂಗಿಯಲ್ಲಿಯೂ ಬರುವಂಥವು, ಅಂಥ ಮಗುವನ್ನು ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಗುಲಾಬಿ ಬಣ್ಣದ ದದ್ದು’ ಎಂಬ ವರ್ಣನೆಗಳೂ ಅವುಗಳ ಜೊತೆಗೆ ಅಚ್ಚಾಗುವ ಚಿತ್ರಗಳೂ ಬಹುಪಾಲು ಬಿಳಿ ಚರ್ಮದ ಮಕ್ಕಳನ್ನು ನೋಡಿ ಮಾಡಿದಂಥವು. ಕಪ್ಪು ಅಥವಾ ಗೋಧಿಬಣ್ಣದ ಚರ್ಮದ ಮೇಲೆ ರುಬೆಲ್ಲಾದ ತಿಳಿಗೆಂಪು ಕಲೆ ಬಹಳ ಸಲ ಕಾಣುವುದೇ ಇಲ್ಲ, ದಡಾರದ ದದ್ದು ಕೆಂಪಿಗಿಂತ ಕಂದಾಗಿ ತೋರುತ್ತದೆ. ಓರೆಯಾಗಿ ಬಿದ್ದ ಹಗಲು ಬೆಳಕಿನಲ್ಲಿ ನೋಡುವುದು, ಬೆರಳಿನಿಂದ ಸವರಿ ನೋಡುವುದು, ಅಂಗೈ, ಅಂಗಾಲು, ಅಂಗುಳ ಮತ್ತು ಕಣ್ಣಿನ ರೆಪ್ಪೆಯ ಒಳಭಾಗವನ್ನು ಪರೀಕ್ಷಿಸುವುದು, ಕಿವಿಯ ಹಿಂದಿನ ಗಂಟುಗಳನ್ನು ಹುಡುಕುವುದು, ನಮ್ಮ ಮಕ್ಕಳ ಮಟ್ಟಿಗೆ ಬಣ್ಣದ ವರ್ಣನೆಗಿಂತ ಈ ಅಭ್ಯಾಸಗಳೇ ಹೆಚ್ಚು ಪ್ರಯೋಜನಕಾರಿ. ಇಷ್ಟು ಮಾಡಿದರೂ ರುಬೆಲ್ಲಾವನ್ನು ನೋಟದಿಂದಲೇ ಖಚಿತಪಡಿಸಲು ಆಗುವುದಿಲ್ಲ; ಅದಕ್ಕೆ ರಕ್ತಪರೀಕ್ಷೆ ಬೇಕು.

ಸಿಡ್ನಿಯ ಕಣ್ಣಿನ ವೈದ್ಯ

ರುಬೆಲ್ಲಾ ಗರ್ಭವನ್ನು ಕೆಡಿಸುತ್ತದೆಂದು ಕಂಡುಹಿಡಿದವರು ಮಕ್ಕಳ ವೈದ್ಯರೂ ಅಲ್ಲ, ಪ್ರಸೂತಿ ತಜ್ಞರೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಣ್ಣಿನ ವೈದ್ಯರಾಗಿದ್ದ ನಾರ್ಮನ್ ಮ್ಯಾಕ್‌ಅಲಿಸ್ಟರ್ ಗ್ರೆಗ್ ಅವರ ಬಳಿಗೆ 1941ರ ಆರಂಭದಿಂದ ಕಣ್ಣಿನಲ್ಲಿ ಪೊರೆಯೊಂದಿಗೆ ಹುಟ್ಟಿದ ಶಿಶುಗಳು ಒಂದರ ಹಿಂದೊಂದು ಬರತೊಡಗಿದವು. ಪೊರೆ ಎಂದರೆ ಕಣ್ಣಿನ ಪಾರದರ್ಶಕ ಮಸೂರವು ಮಬ್ಬಾಗಿ ಬೆಳಕನ್ನು ತಡೆಯುವ ಸ್ಥಿತಿ. ಮುದುಕರಿಗೆ ಸಾಮಾನ್ಯವಾದ ಇದು ನವಜಾತ ಶಿಶುಗಳಲ್ಲಿ ಅಪರೂಪ, ಬಂದರೂ ವಂಶದಿಂದ ಬಂದದ್ದೆಂದೇ ಆಗಿನ ತಿಳಿವಳಿಕೆ. ಆದರೆ ಈ ಶಿಶುಗಳ ಪೊರೆ ದಟ್ಟವಾಗಿತ್ತು, ಹೆಚ್ಚಿನವರಲ್ಲಿ ಎರಡೂ ಕಣ್ಣಿಗಿತ್ತು. ಶಿಶುಗಳು ತೂಕದಲ್ಲಿ ಕಡಿಮೆಯಿದ್ದು ಹಾಲು ಕುಡಿಯಲು ಕಷ್ಟಪಡುತ್ತಿದ್ದವು. ಅನೇಕರ ಹೃದಯದಲ್ಲಿ ಅಸಹಜ ಮರ್ಮರ ಕೇಳಿಸುತ್ತಿತ್ತು. ಮನೆತನದಲ್ಲಿ ಹಿಂದೆ ಇಂಥದ್ದು ಆಗಿದ್ದ ಸುದ್ದಿಯಿರಲಿಲ್ಲ. ಸಂಬಂಧವೇ ಇಲ್ಲದ ಇಷ್ಟೊಂದು ಕುಟುಂಬಗಳಿಗೆ ಒಂದೇ ವರ್ಷ ಒಂದೇ ಬಗೆಯ ವಂಶದೋಷ ಬಂದೀತೆಂದು ನಂಬುವುದು ಕಷ್ಟವಾದ್ದರಿಂದ ಗ್ರೆಗ್ ಹೊರಗಿನ ಕಾರಣವನ್ನು ಹುಡುಕಿದರು.

ಅವರು ಮಾಡಿದ್ದು ಸರಳ ಲೆಕ್ಕ. ಶಿಶುಗಳ ಹುಟ್ಟಿದ ತಾರೀಖಿನಿಂದ ಹಿಂದಕ್ಕೆ ಎಣಿಸಿದಾಗ ಗರ್ಭದ ಮೊದಲ ತಿಂಗಳುಗಳು 1940ರಲ್ಲಿ ಯುದ್ಧಕಾಲದ ಆಸ್ಟ್ರೇಲಿಯಾದಲ್ಲಿ ವ್ಯಾಪಕವಾಗಿ ಹರಡಿದ್ದ ರುಬೆಲ್ಲಾದ ತುಟ್ಟತುದಿಯ ಕಾಲಕ್ಕೆ ಸರಿಹೊಂದಿದವು. ಅವರ ಕೋಣೆಯ ಹೊರಗೆ ಕಾಯುತ್ತಿದ್ದ ತಾಯಂದಿರು ತಮತಮಗೆ ಬಸುರಿನಲ್ಲಿ ಬಂದಿದ್ದ ದದ್ದಿನ ವಿಷಯ ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿದ್ದಿತೆಂದೂ ಹೇಳಲಾಗುತ್ತದೆ. ಸಹೋದ್ಯೋಗಿಗಳನ್ನೂ ಕೇಳಿ ಒಟ್ಟು 78 ಶಿಶುಗಳ ವಿವರವನ್ನು ಕಲೆಹಾಕಿದಾಗ ಅವರಲ್ಲಿ 68 ಶಿಶುಗಳ ತಾಯಂದಿರಿಗೆ ಗರ್ಭಕಾಲದಲ್ಲಿ, ಬಹುತೇಕರಿಗೆ ಮೊದಲ ಎರಡು ತಿಂಗಳಲ್ಲಿಯೇ, ರುಬೆಲ್ಲಾ ಬಂದಿದ್ದುದು ತಿಳಿಯಿತು. 1941ರ ಅಕ್ಟೋಬರ್ 15ರಂದು ಮೆಲ್ಬರ್ನ್‌ನಲ್ಲಿ ನೇತ್ರವೈದ್ಯರ ಸಭೆಯ ಮುಂದೆ ಗ್ರೆಗ್ ಈ ಸಂಗತಿಯನ್ನು ಮಂಡಿಸಿದರು. ಹುಟ್ಟುವಾಗಲೇ ಇರುವ ದೋಷವೆಲ್ಲ ರಕ್ತಸಂಬಂಧದಿಂದ ಬಂದದ್ದಾಗಬೇಕಿಲ್ಲ, ಗರ್ಭದೊಳಗೆ ಒಂದು ಸೋಂಕು ತಂದೊಡ್ಡಿದ್ದೂ ಆಗಬಹುದು ಎಂಬ ಅರಿವು ವೈದ್ಯಲೋಕಕ್ಕೆ ಬಂದದ್ದು ಹೀಗೆ. ಅದಕ್ಕೆ ಆಧಾರವಾದದ್ದು ತಾಯಂದಿರ ನೆನಪು.

ಆ ಮಾತನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ, ಆಕ್ಷೇಪಕ್ಕೆ ಕಾರಣವೂ ಇತ್ತು. ದೋಷವಿರುವ ಶಿಶುಗಳಿಂದ ಹಿಂದಕ್ಕೆ ಹೊರಟರೆ ರುಬೆಲ್ಲಾ ಬಂದರೂ ಆರೋಗ್ಯವಾಗಿ ಹುಟ್ಟಿದ ಶಿಶುಗಳು ಲೆಕ್ಕಕ್ಕೇ ಸಿಗುವುದಿಲ್ಲ, ಆದ್ದರಿಂದ ಅಪಾಯದ ಪ್ರಮಾಣ ತಿಳಿಯುವುದಿಲ್ಲ. ಅಡಿಲೇಡ್‌ನಲ್ಲಿ ಚಾರ್ಲ್ಸ್ ಸ್ವಾನ್ ಮತ್ತು ಸಂಗಡಿಗರು 1943ರಿಂದ ಮುಂದುವರಿಸಿದ ಅಧ್ಯಯನಗಳು ಗ್ರೆಗ್ ಹೇಳಿದ್ದನ್ನು ದೃಢಪಡಿಸಿ, ಆ ಪಟ್ಟಿಗೆ ಕಿವುಡನ್ನು ಸೇರಿಸಿದವು. ಎಲ್ಲಕ್ಕಿಂತ ಮನಮುಟ್ಟುವ ಸಾಕ್ಷ್ಯವನ್ನು ಒದಗಿಸಿದವರು ಸಂಖ್ಯಾಶಾಸ್ತ್ರಜ್ಞ ಆಲಿವರ್ ಲ್ಯಾಂಕಾಸ್ಟರ್. ಆಸ್ಟ್ರೇಲಿಯಾದ ಹಳೆಯ ಜನಗಣತಿಗಳಲ್ಲಿ ಕಿವುಡರ ವಯಸ್ಸನ್ನು ಪರಿಶೀಲಿಸಿದ ಅವರಿಗೆ 1911ರ ಗಣತಿಯಲ್ಲಿ 10ರಿಂದ 14 ವರ್ಷದವರ ಗುಂಪಿನಲ್ಲಿಯೂ 1921ರ ಗಣತಿಯಲ್ಲಿ 20ರಿಂದ 24 ವರ್ಷದವರ ಗುಂಪಿನಲ್ಲಿಯೂ ಕಿವುಡರ ಸಂಖ್ಯೆ ಏಕಾಏಕಿ ಹೆಚ್ಚಿರುವುದು ಕಂಡಿತು. ಎರಡೂ ಗುಂಪುಗಳವರು ಒಂದೇ ಪೀಳಿಗೆಯವರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರುಬೆಲ್ಲಾ ಹರಡಿದ್ದ ಕಾಲದ ಆಸುಪಾಸಿನಲ್ಲಿ ಹುಟ್ಟಿದವರು. ನಲವತ್ತು ವರ್ಷಗಳಿಂದ ಸರ್ಕಾರಿ ಪುಸ್ತಕಗಳಲ್ಲಿ ಅಚ್ಚಾಗಿಯೇ ಇದ್ದ ಈ ಅಂಕಿಗಳು, ಕೇಳಬೇಕಾದ ಪ್ರಶ್ನೆ ಗೊತ್ತಾದ ಮೇಲೆ ಮಾತಾಡಿದವು. ತಮ್ಮ ಮಗು ಕಿವುಡಾದದ್ದೇಕೆಂದು ತಿಳಿಯದೆಯೇ ತೀರಿಕೊಂಡ ಆ ಪೀಳಿಗೆಯ ತಂದೆತಾಯಿಯರ ಬಗ್ಗೆ ಯೋಚಿಸಿದರೆ ಈ ಅಂಕಿಗಳನ್ನು ನಿರ್ಲಿಪ್ತವಾಗಿ ಓದುವುದು ಸಾಧ್ಯವಿಲ್ಲ.

ಕರ್ನಾಟಕದಲ್ಲಿ ಇಂದಿಗೂ ಮಗು ಸೀಳುತುಟಿಯೊಂದಿಗೆ ಹುಟ್ಟಿದರೆ ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿರಬೇಕೆಂದೂ ಕಣ್ಣು ಕಾಣದೆ ಹುಟ್ಟಿದರೆ ಅದು ಯಾರದೋ ಕರ್ಮವೆಂದೂ ಹೇಳುವವರಿದ್ದಾರೆ, ಬಾಣಂತಿಯ ಮೇಲೆ ಹೊರಿಸುವ ಈ ಅಪವಾದಕ್ಕೆ ಯಾವ ಆಧಾರವೂ ಇಲ್ಲ. ಜನ್ಮಜಾತ ದೋಷಗಳಲ್ಲಿ ಕೆಲವು ವರ್ಣತಂತುಗಳ ಏರುಪೇರಿನಿಂದ, ಕೆಲವು ಫೋಲಿಕ್ ಆಮ್ಲದಂಥ ಪೋಷಕಾಂಶದ ಕೊರತೆಯಿಂದ, ಕೆಲವು ಔಷಧಗಳಿಂದ, ಕೆಲವು ಸೋಂಕಿನಿಂದ ಆಗುತ್ತವೆ. ಅನೇಕಕ್ಕೆ ಕಾರಣ ಸಿಗುವುದೇ ಇಲ್ಲ. ಹೀಗಿರುವಾಗ ತಾಯಿಯ ಬಾಯಿಯಿಂದ ಬರಬೇಕಾದ ಮಾಹಿತಿಯನ್ನು ಅಪರಾಧಿಯ ವಿಚಾರಣೆಯಂತೆ ಕೇಳಿದರೆ ಆಕೆ ನೆನಪಿದ್ದುದನ್ನೂ ಹೇಳಲಾರಳು.

ಗರ್ಭದೊಳಗೆ ನಡೆಯುವುದೇನು

ಕೆಮ್ಮು ಸೀನುಗಳ ತುಂತುರಿನ ಮೂಲಕ ಮೂಗು ಗಂಟಲನ್ನು ಸೇರಿದ ರುಬೆಲ್ಲಾ ವೈರಸ್ ಎರಡು ಮೂರು ವಾರ ಸದ್ದಿಲ್ಲದೆ ಹೆಚ್ಚಿ, ದದ್ದು ಏಳುವ ಸುಮಾರು ಒಂದು ವಾರ ಮೊದಲೇ ಇತರರಿಗೆ ಹರಡತೊಡಗುತ್ತದೆ. ಆ ಹೊತ್ತಿಗೆ ಅದು ರಕ್ತದಲ್ಲಿಯೂ ಇರುವುದರಿಂದ ಗರ್ಭಿಣಿಯಲ್ಲಿ ಮಾಸುವಿಗೆ, ಅಂದರೆ ತಾಯಿಯಿಂದ ಶಿಶುವಿಗೆ ಆಹಾರ ಮತ್ತು ಆಮ್ಲಜನಕವನ್ನು ದಾಟಿಸುವ ಅಂಗಕ್ಕೆ, ಸೋಂಕು ತಗುಲಿ ಅಲ್ಲಿಂದ ಭ್ರೂಣಕ್ಕೆ ಇಳಿಯುತ್ತದೆ. ಭ್ರೂಣದಲ್ಲಿ ಅದು ಜೀವಕೋಶಗಳು ವಿಭಜನೆಗೊಳ್ಳುವ ವೇಗವನ್ನು ತಗ್ಗಿಸುತ್ತದೆ, ಸೂಕ್ಷ್ಮ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಇಡೀ ಅಂಗವೊಂದು ಕೆಲವೇ ವಾರಗಳಲ್ಲಿ ರೂಪುಗೊಳ್ಳಬೇಕಾದ ಕಾಲದಲ್ಲಿ ಕೋಶಗಳ ಸಂಖ್ಯೆ ಕಡಿಮೆಯಾದರೆ ಆ ಕೊರತೆಯನ್ನು ಮುಂದೆ ತುಂಬಿಕೊಳ್ಳುವ ಅವಕಾಶ ದೇಹಕ್ಕೆ ಇರುವುದಿಲ್ಲ. ಈ ಶಿಶುಗಳು ತೂಕದಲ್ಲಿ ಸಣ್ಣವಾಗಿ ಹುಟ್ಟುವುದಕ್ಕೂ ಇದೇ ಕಾರಣ.

ಹಾನಿಯ ಸ್ವರೂಪವನ್ನು ನಿರ್ಧರಿಸುವುದು ಸೋಂಕು ತಗುಲಿದ ವಾರ. ಮೊದಲ ಹನ್ನೊಂದು ಹನ್ನೆರಡು ವಾರಗಳಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಶಿಶುವಿಗೆ ದೋಷವಾಗುವ ಸಂಭವ ಶೇಕಡ 90ರವರೆಗೂ ಇರುತ್ತದೆ. ಗರ್ಭಪಾತವಾಗುವುದೂ ಶಿಶು ಹೊಟ್ಟೆಯಲ್ಲಿಯೇ ಸಾಯುವುದೂ ಉಂಟು. ಕಣ್ಣು ಮತ್ತು ಹೃದಯದ ದೋಷಗಳು ಹುಟ್ಟುವುದು ಈ ಅವಧಿಯಲ್ಲಿಯೇ. ಆಮೇಲೆ ಸಂಭವ ಇಳಿಯುತ್ತ ಹೋಗಿ ಹದಿನಾರನೆಯ ವಾರದ ಸುಮಾರಿಗೆ ಕಿವುಡೊಂದೇ ಉಳಿಯುತ್ತದೆ, ಇಪ್ಪತ್ತನೆಯ ವಾರದ ನಂತರ ದೋಷವಾಗುವುದು ಅಪರೂಪ. ಅನೇಕ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿಯೆಂಬುದೇ ಖಚಿತವಾಗಿರದ, ತಾಯಿ ಕಾರ್ಡ್ ಕೈಗೆ ಬಂದಿರದ ವಾರಗಳಲ್ಲಿಯೇ ಅಪಾಯ ಅತಿ ಹೆಚ್ಚಾಗಿರುವುದು ಈ ರೋಗದ ದೊಡ್ಡ ಕ್ರೌರ್ಯ. ಗರ್ಭ ನಿಂತ ಮೇಲೆ ಕಾಪಾಡುವ ಔಷಧವೂ ಇಲ್ಲ, ಗರ್ಭಿಣಿಗೆ ಲಸಿಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ತಡೆಯುವ ಕೆಲಸವೆಲ್ಲ ಅದಕ್ಕೆ ಮೊದಲೇ ಆಗಬೇಕು.

ಲಸಿಕೆ ಮತ್ತು ಗ್ರೀಸ್ ಕಲಿಸಿದ ಪಾಠ

1962ರಲ್ಲಿ ಅಮೆರಿಕದ ಎರಡು ಸಂಶೋಧಕ ತಂಡಗಳು ಈ ವೈರಸನ್ನು ಬೇರ್ಪಡಿಸಿದವು. ಅಷ್ಟರಲ್ಲಿ ಯುರೋಪಿನಿಂದ ಹೊರಟ ರುಬೆಲ್ಲಾ ಅಮೆರಿಕವನ್ನು ಮುಟ್ಟಿ 1964-65ರಲ್ಲಿ ಅಲ್ಲಿ ಸುಮಾರು 1 ಕೋಟಿ 25 ಲಕ್ಷ ಜನರಿಗೆ ತಗುಲಿತು. ಸುಮಾರು 20 ಸಾವಿರ ಶಿಶುಗಳು ಜನ್ಮಜಾತ ರುಬೆಲ್ಲಾದೊಂದಿಗೆ ಹುಟ್ಟಿದವು. ಆ ಆಘಾತ ಲಸಿಕೆಯ ಕೆಲಸವನ್ನು ಚುರುಕುಗೊಳಿಸಿತು. 1969ರಲ್ಲಿ ಮೊದಲ ಲಸಿಕೆಗಳು ಬಂದವು. ಇಂದು ಜಗತ್ತಿನ ಹೆಚ್ಚಿನ ಭಾಗ ಬಳಸುವುದು ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯಲ್ಲಿ ಸ್ಟ್ಯಾನ್ಲಿ ಪ್ಲಾಟ್ಕಿನ್ ರೂಪಿಸಿದ ಆರ್‌ಎ 27/3 ಎಂಬ ದುರ್ಬಲಗೊಳಿಸಿದ ವೈರಸನ್ನು.

ಯಾರಿಗೆ ಹಾಕಬೇಕೆಂಬ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಅಮೆರಿಕ ಎಲ್ಲ ಚಿಕ್ಕ ಮಕ್ಕಳಿಗೂ ಹಾಕಿ ವೈರಸ್ಸಿನ ಓಡಾಟವನ್ನೇ ನಿಲ್ಲಿಸಲು ಹೊರಟಿತು. ಬ್ರಿಟನ್ 1970ರಿಂದ ಹದಿಹರೆಯಕ್ಕೆ ಬಂದ ಹುಡುಗಿಯರಿಗಷ್ಟೇ ಹಾಕಿ, ಮುಂದಿನ ತಾಯಂದಿರನ್ನು ಕಾಪಾಡಲು ನೋಡಿತು. ಬ್ರಿಟನ್ನಿನ ಕ್ರಮದಲ್ಲಿ ರೋಗ ಹರಡುತ್ತಲೇ ಇದ್ದು ಲಸಿಕೆ ತಪ್ಪಿಸಿಕೊಂಡ ಹೆಂಗಸರಿಗೆ ತಗುಲುವುದು ನಿಲ್ಲಲಿಲ್ಲವಾದ್ದರಿಂದ 1988ರಲ್ಲಿ ಅಲ್ಲಿಯೂ ಎಲ್ಲ ಮಕ್ಕಳಿಗೆ ಲಸಿಕೆ ಕೊಡುವ ಪದ್ಧತಿ ಬಂತು. ಆದರೆ ಎಲ್ಲ ಮಕ್ಕಳಿಗೆಂದು ಆರಂಭಿಸಿ ಅರ್ಧದಲ್ಲಿ ನಿಂತರೆ ಆಗುವುದೇನೆಂಬುದನ್ನು ಗ್ರೀಸ್ ಕಂಡಿತು. 1975ರ ಸುಮಾರಿಗೆ ಅಲ್ಲಿ ಲಸಿಕೆ ಬಳಕೆಗೆ ಬಂದರೂ ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ ತಲುಪುತ್ತಿತ್ತು. ಹೀಗಾದಾಗ ವೈರಸ್ಸಿನ ಓಡಾಟ ನಿಲ್ಲುವುದಿಲ್ಲ, ನಿಧಾನವಾಗುತ್ತದಷ್ಟೇ. ಲಸಿಕೆಯೂ ಇಲ್ಲದೆ ಬಾಲ್ಯದಲ್ಲಿ ರೋಗವೂ ಬಾರದೆ ಬೆಳೆದ ಹುಡುಗಿಯರು ರೋಗನಿರೋಧಕ ಶಕ್ತಿಯಿಲ್ಲದೆಯೇ ಹೆರುವ ವಯಸ್ಸನ್ನು ತಲುಪುತ್ತಾರೆ. 1993ರಲ್ಲಿ ರುಬೆಲ್ಲಾ ಅಲ್ಲಿ ಹರಡಿದಾಗ ತಗುಲಿದವರಲ್ಲಿ ಯುವಜನರೇ ಹೆಚ್ಚಿದ್ದು, 25 ಶಿಶುಗಳಿಗೆ ಜನ್ಮಜಾತ ರುಬೆಲ್ಲಾ ಆದುದು ದಾಖಲಾಯಿತು. ಲಸಿಕೆ ಅಪಾಯಕಾರಿಯೆಂಬುದು ಇದರ ಅರ್ಥವಲ್ಲ. ಕನಿಷ್ಠ ಶೇಕಡ 80ರಷ್ಟು ಮಕ್ಕಳನ್ನು ಬಿಡದೆ ತಲುಪುವ ಸಾಮರ್ಥ್ಯ ಬಂದ ಮೇಲೆಯೇ ರುಬೆಲ್ಲಾ ಲಸಿಕೆಯನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದ್ದುದು ಇಂಥ ಲೆಕ್ಕಾಚಾರದಿಂದಲೇ.

ಭಾರತ ಆರಿಸಿಕೊಂಡ ದಾರಿ ಇದಕ್ಕೆ ಹೊಂದಿಕೊಂಡದ್ದು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆಗೊಂಡು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಮೊದಲು ನಡೆದ ದಡಾರ-ರುಬೆಲ್ಲಾ ಅಭಿಯಾನದಲ್ಲಿ 9 ತಿಂಗಳು ತುಂಬಿದವರಿಂದ 15 ವರ್ಷದೊಳಗಿನವರೆಗೆ ಎಲ್ಲರಿಗೂ, ಹಿಂದೆ ಯಾವ ಲಸಿಕೆ ಆಗಿದ್ದರೂ ಲೆಕ್ಕಿಸದೆ, ಒಂದು ಚುಚ್ಚುಮದ್ದು ಹಾಕಲಾಯಿತು. ದೇಶವಿಡೀ ಸೇರಿ ಗುರಿಯಿದ್ದುದು ಸುಮಾರು 41 ಕೋಟಿ ಮಕ್ಕಳು. ಆಮೇಲೆ ಸಾಮಾನ್ಯ ಲಸಿಕಾ ಪಟ್ಟಿಯಲ್ಲಿ ದಡಾರದ ಒಂಟಿ ಲಸಿಕೆಯ ಜಾಗಕ್ಕೆ ಈ ಜೋಡಿ ಲಸಿಕೆ ಬಂದು, 9ರಿಂದ 12 ತಿಂಗಳ ನಡುವೆ ಮೊದಲನೆಯದು, 16ರಿಂದ 24 ತಿಂಗಳ ನಡುವೆ ಎರಡನೆಯದು ಎಂಬ ಕ್ರಮ ನಿಂತಿತು. ಅಭಿಯಾನದ ದಿನಗಳಲ್ಲಿ ಮೊಬೈಲಿನಲ್ಲಿ ಹರಿದಾಡಿದ ವದಂತಿಗಳಿಗೆ ಹೆದರಿ ಮಕ್ಕಳನ್ನು ಶಾಲೆಗೆ ಕಳಿಸದ ಪೋಷಕರೂ ಇದ್ದರು. ಗಂಡುಮಕ್ಕಳಿಗೇಕೆ ಎಂದು ಕೇಳಿದವರಿಗೆ ಉತ್ತರ ಮೇಲೆಯೇ ಇದೆ: ಗರ್ಭಿಣಿಯ ಮನೆಗೆ ವೈರಸನ್ನು ತರುವವರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆ ವಯೋಮಿತಿಗೆ ಸೇರದೆ ಲಸಿಕೆಯಿಲ್ಲದೆಯೇ ಬೆಳೆದ ಯುವತಿಯರು ಮದುವೆಗೆ ಅಥವಾ ಗರ್ಭಧಾರಣೆಗೆ ಮುಂಚೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಗರ್ಭವನ್ನು ಮುಂದೂಡುವುದು ಒಳ್ಳೆಯದು. ಅಕಸ್ಮಾತ್ ಗರ್ಭಿಣಿಯೆಂದು ತಿಳಿಯದೆ ಹಾಕಿಸಿಕೊಂಡಿದ್ದರೆ ಅದರಿಂದ ಶಿಶುವಿಗೆ ಜನ್ಮಜಾತ ರುಬೆಲ್ಲಾ ಆಗುತ್ತದೆಂದು ಇದುವರೆಗೆ ಕಂಡುಬಂದಿಲ್ಲವಾದ್ದರಿಂದ ಗಾಬರಿಗೆ ಕಾರಣವಿಲ್ಲ.

ಹಸುಗೂಸಿನಲ್ಲಿ ಹುಡುಕುವುದು

ಹುಟ್ಟಿದ ಮಗುವಿನಲ್ಲಿ ಮೊದಲು ನೋಡಬೇಕಾದದ್ದು ಕಣ್ಣಿನ ಪಾಪೆ. ಮಂದ ಬೆಳಕಿನ ಕೋಣೆಯಲ್ಲಿ ವೈದ್ಯರು ಆಫ್ತಾಲ್ಮೊಸ್ಕೋಪ್ ಎಂಬ ಉಪಕರಣದಿಂದ ಬೆಳಕು ಹಾಯಿಸಿದಾಗ ಆರೋಗ್ಯವಂತ ಕಣ್ಣಿನ ಪಾಪೆ ಕೆಂಪಾಗಿ, ನಮ್ಮ ಮಕ್ಕಳಲ್ಲಿ ತುಸು ಕಿತ್ತಳೆಯಾಗಿ, ಹೊಳೆಯುತ್ತದೆ. ಬಿಳುಪಾಗಿ ಅಥವಾ ಮಂಕಾಗಿ ಕಂಡರೆ ಪೊರೆಯಿರಬಹುದು, ಕಣ್ಣಿನ ಗಡ್ಡೆಯೂ ಇರಬಹುದು. ಪೊರೆಯನ್ನು ಮಗು ದೊಡ್ಡದಾದ ಮೇಲೆ ತೆಗೆಸೋಣವೆಂದು ಮುಂದೂಡುವುದು ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪು. ಕಣ್ಣಿನಿಂದ ಸ್ಪಷ್ಟ ಚಿತ್ರ ಬಾರದಿದ್ದರೆ ಮಿದುಳು ನೋಡುವುದನ್ನೇ ಕಲಿಯುವುದಿಲ್ಲ. ಆ ಕಲಿಕೆಯ ಕಾಲ ಕಳೆದ ಮೇಲೆ ಎಷ್ಟು ಚೆನ್ನಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ನೋಟ ಪೂರ್ತಿ ಬರುವುದಿಲ್ಲ. ದಟ್ಟವಾದ ಪೊರೆಯನ್ನು ಮೊದಲ ಎರಡು ತಿಂಗಳ ಆಸುಪಾಸಿನಲ್ಲಿ ತೆಗೆಯಬೇಕೆಂಬುದು ಇದೇ ಕಾರಣಕ್ಕೆ.

ಹೃದಯದ ದೋಷ ಕಣ್ಣಿಗೆ ಕಾಣುವಂಥದ್ದಲ್ಲ, ತಾಯಿಗೆ ಅದು ಹಾಲೂಡುವಾಗ ತಿಳಿಯುತ್ತದೆ. ಎರಡು ಗುಟುಕು ಕುಡಿದು ನಿಲ್ಲಿಸುವ, ಕುಡಿಯುವಾಗ ಹಣೆಯಲ್ಲಿ ಬೆವರೊಡೆಯುವ, ಪಕ್ಕೆ ಸೆಳೆದು ಬೇಗ ಬೇಗ ಉಸಿರಾಡುವ, ತೂಕ ಏರದ ಕೂಸನ್ನು ಪರೀಕ್ಷಿಸಲೇಬೇಕು. ರುಬೆಲ್ಲಾದಲ್ಲಿ ಹೆಚ್ಚಾಗಿ ಕಾಣುವುದು, ಗರ್ಭದಲ್ಲಿ ಶ್ವಾಸಕೋಶದ ಅಪಧಮನಿಯನ್ನೂ ಮಹಾಪಧಮನಿಯನ್ನೂ ಜೋಡಿಸಿದ್ದು ಹುಟ್ಟಿದ ಕೆಲವು ದಿನಗಳಲ್ಲಿ ಮುಚ್ಚಿಹೋಗಬೇಕಾದ ನಾಳವು ತೆರೆದೇ ಉಳಿಯುವ ದೋಷ. ಇಂದು ಅದನ್ನು ಅನೇಕ ಮಕ್ಕಳಲ್ಲಿ ಎದೆ ತೆರೆಯದೆಯೇ, ತೊಡೆಯ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ತೆಳುನಳಿಕೆಯನ್ನು ಕಳಿಸಿ ಮುಚ್ಚುತ್ತಾರೆ.

ಕಿವುಡು ಎಲ್ಲಕ್ಕಿಂತ ಹೆಚ್ಚು ಸಾಮಾನ್ಯ, ಎಲ್ಲಕ್ಕಿಂತ ತಡವಾಗಿ ಪತ್ತೆಯಾಗುವಂಥದ್ದು. ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ಗುಲುಗುಲು ಸದ್ದು ಮಾಡುತ್ತದೆ, ಮುಖ ನೋಡಿ ನಗುತ್ತದೆ, ಬಾಗಿಲು ಬಡಿದಾಗ ನೆಲದ ಕಂಪನಕ್ಕೆ ಬೆಚ್ಚುತ್ತದೆ. ಆದ್ದರಿಂದ ತಟ್ಟೆ ಬಡಿದು ನೋಡುವ ಮನೆಯ ಪರೀಕ್ಷೆ ನಂಬಿಕೆಗೆ ತಕ್ಕದ್ದಲ್ಲ. ಕಿವಿಯೊಳಗೆ ಸಣ್ಣ ಸದ್ದನ್ನು ಕಳಿಸಿ ಒಳಗಿವಿಯಿಂದ ಬರುವ ಪ್ರತಿಧ್ವನಿಯನ್ನು ಅಳೆಯುವ ಪರೀಕ್ಷೆಯನ್ನು ಮಲಗಿದ ಕೂಸಿಗೂ ಕೆಲವೇ ನಿಮಿಷಗಳಲ್ಲಿ ಮಾಡಬಹುದು. ಅದರಲ್ಲಿ ಸಂಶಯ ಬಂದರೆ ಶ್ರವಣನರ ಮತ್ತು ಮಿದುಳುಕಾಂಡದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುತ್ತಾರೆ, ಇದನ್ನು ಬೆರಾ ಪರೀಕ್ಷೆ ಎನ್ನುವುದು ರೂಢಿ. ಮೊದಲ ತಿಂಗಳಲ್ಲಿ ತಪಾಸಣೆ, ಮೂರನೆಯ ತಿಂಗಳೊಳಗೆ ನಿರ್ಣಯ, ಆರನೆಯ ತಿಂಗಳೊಳಗೆ ಶ್ರವಣ ಸಾಧನ ಎಂಬುದು ಒಪ್ಪಿತವಾದ ಗುರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳ ತಪಾಸಣೆ ಮತ್ತು ತರಬೇತಿಗೆ ಹೆಸರಾಗಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜನ್ಮಜಾತ ಪೊರೆ, ಕಿವುಡು, ಹೃದಯದೋಷ ಮೂರೂ ಸೇರಿವೆ, ಅದರ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬರುತ್ತವೆ. ಆದರೆ ಅಂಗನವಾಡಿಗೆ ಹೋಗುವ ವಯಸ್ಸಿನವರೆಗೆ ಕಾದರೆ ಕಣ್ಣು ಕಿವಿಗಳ ಅಮೂಲ್ಯ ತಿಂಗಳುಗಳು ಮುಗಿದಿರುತ್ತವೆ. ಹೆರಿಗೆಯ ನಂತರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಭೇಟಿಯಲ್ಲಿಯೇ ಈ ಸಂಶಯಗಳನ್ನು ಹೇಳಿಕೊಳ್ಳುವುದು ಉತ್ತಮ.

ಇದೇ ಬಗೆಯ ಹಾನಿ ಮಾಡುವ ಬೇರೆ ಸೋಂಕುಗಳೂ ಇವೆ. ರುಬೆಲ್ಲಾ ಹತೋಟಿಗೆ ಬಂದ ದೇಶಗಳಲ್ಲಿ ಸೋಂಕಿನಿಂದಾಗುವ ಹುಟ್ಟುಗಿವುಡಿಗೆ ಸೈಟೊಮೆಗಲೊ ಎಂಬ ವೈರಸ್ ಮುಖ್ಯ ಕಾರಣವಾಗಿದೆ. 2015ರಲ್ಲಿ ಬ್ರೆಜಿಲ್‌ನಲ್ಲಿ ಸಣ್ಣ ತಲೆಯ ಶಿಶುಗಳು ಹೆಚ್ಚಾಗಿ ಹುಟ್ಟಿದಾಗ ಝಿಕಾ ವೈರಸ್ಸಿನ ಕೈವಾಡ ಬಯಲಾದದ್ದೂ ಗ್ರೆಗ್ ನಡೆದ ದಾರಿಯಲ್ಲಿಯೇ, ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿ. ತಾಯಿಯ ಸಿಫಿಲಿಸ್ ಗರ್ಭಕಾಲದಲ್ಲಿ ಪತ್ತೆಯಾದರೆ ಪೆನಿಸಿಲಿನ್‌ನಿಂದ ಶಿಶುವನ್ನು ಉಳಿಸಬಹುದಾದ್ದರಿಂದ ಆ ರಕ್ತಪರೀಕ್ಷೆಯನ್ನು ಯಾವ ಗರ್ಭಿಣಿಗೂ ತಪ್ಪಿಸಬಾರದು.

ರುಬೆಲ್ಲಾದ ಸಂಶಯವಿರುವ ಶಿಶುವಿನಲ್ಲಿ ನಿರ್ಣಯಕ್ಕೆ ನೆರವಾಗುವುದು ಪ್ರತಿಕಾಯಗಳ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳ, ಒಂದು ವ್ಯತ್ಯಾಸ. ಐಜಿಜಿ ಎಂಬ ಬಗೆಯ ಪ್ರತಿಕಾಯ ಮಾಸುವನ್ನು ದಾಟಿ ತಾಯಿಯಿಂದ ಮಗುವಿಗೆ ಬರುತ್ತದೆ; ಐಜಿಎಂ ಎಂಬ ಬಗೆಯದು ದಾಟಲಾರದು. ಆದ್ದರಿಂದ ಶಿಶುವಿನ ರಕ್ತದಲ್ಲಿ ರುಬೆಲ್ಲಾದ ಐಜಿಎಂ ಸಿಕ್ಕರೆ ಅದು ಶಿಶುವೇ ತಯಾರಿಸಿದ್ದು, ಸೋಂಕು ಅದಕ್ಕೇ ತಗುಲಿದೆ ಎಂದರ್ಥ. ಈ ಪರೀಕ್ಷೆಯನ್ನು ಮೊದಲ ಕೆಲವು ತಿಂಗಳಲ್ಲಿಯೇ ಮಾಡಿಸಬೇಕು, ತಿಂಗಳು ಕಳೆದಂತೆ ಐಜಿಎಂ ಇಳಿಯುತ್ತದೆ, ಒಂಬತ್ತನೆಯ ತಿಂಗಳಿಗೆ ಲಸಿಕೆ ಹಾಕಿದ ಮೇಲಂತೂ ಪ್ರತಿಕಾಯ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2016ರಿಂದ ಆಯ್ದ ಆಸ್ಪತ್ರೆಗಳಲ್ಲಿ ಇಂಥ ಶಿಶುಗಳನ್ನು ಹುಡುಕಿ ದಾಖಲಿಸುವ ಏರ್ಪಾಡು ಮಾಡಿದೆ. ಜನ್ಮಜಾತ ರುಬೆಲ್ಲಾ ಇರುವ ಕೂಸಿನ ಮೂಗು ಗಂಟಲಿನ ದ್ರವದಲ್ಲಿಯೂ ಮೂತ್ರದಲ್ಲಿಯೂ ವೈರಸ್ ಒಂದು ವರ್ಷದವರೆಗೂ ಹೊರಬೀಳಬಹುದಾದ್ದರಿಂದ, ಅದನ್ನು ಎತ್ತಿ ಆಡಿಸುವ ಬಂಧುಗಳೂ ಆರೈಕೆ ಮಾಡುವ ದಾದಿಯರೂ ಲಸಿಕೆ ಪಡೆದವರಾಗಿರಬೇಕು, ಲಸಿಕೆ ಆಗಿರದ ಗರ್ಭಿಣಿಯರು ಆ ಅವಧಿಯಲ್ಲಿ ಕೂಸಿನಿಂದ ದೂರವಿರಬೇಕು. ಶಸ್ತ್ರಚಿಕಿತ್ಸೆಗೋ ಶ್ರವಣ ಪರೀಕ್ಷೆಗೋ ಕೂಸನ್ನು ಕರೆದೊಯ್ಯುವವರು ಈ ಸಂಗತಿಯನ್ನು ಆಸ್ಪತ್ರೆಯವರಿಗೆ ಮೊದಲೇ ತಿಳಿಸಬೇಕು. ಹುಟ್ಟುವಾಗ ಸರಿಯಾಗಿಯೇ ಕೇಳುತ್ತಿದ್ದ ಇಂಥ ಮಕ್ಕಳಲ್ಲಿಯೂ ಕಿವುಡು ಮುಂದೆ ಕಾಣಿಸಿಕೊಳ್ಳುವುದುಂಟು, ವರ್ಷಗಳ ನಂತರ ಮಧುಮೇಹ ಮತ್ತು ಥೈರಾಯ್ಡ್ ತೊಂದರೆಗಳು ಬರುವುದೂ ಉಂಟು. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಪಾಸಾದ ಮಗುವಿನ ಕಿವಿ ಮತ್ತು ರಕ್ತವನ್ನು ಶಾಲೆಗೆ ಸೇರಿದ ಮೇಲೆಯೂ ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕಾಗುತ್ತದೆ.